ಒಂದೇ ಪೆಟ್ಟಿಗೆ, ಹಲವು ದಾರಿಪುಸ್ತಕ: ತಂತಿ ಹಂಚಿಕೊಂಡವರ ಕತೆ

ಪಹಣಿಯ ವಿಚಾರವಾಗಿ ಸುದ್ದಿ ಮಾಡಲು ನಾವು ಇಬ್ಬರು ಗೆಳೆಯರು ಒಂದು ಸರ್ಕಾರಿ ಕಟ್ಟಡಕ್ಕೆ ಹೋಗಿದ್ದೆವು. ಬೆಳಿಗ್ಗೆ ಹತ್ತೂವರೆ. ಕಿಟಕಿಯ ಮುಂದೆ ಉದ್ದ ಸಾಲು. ಒಳಗಿದ್ದವರು ತಲೆ ಎತ್ತದೆ ಹೇಳಿದರು: "ಸರ್ವರ್ ಇಲ್ಲ. ಮಧ್ಯಾಹ್ನ ಬನ್ನಿ."

ಪಕ್ಕದ ಕೋಣೆಯಲ್ಲಿ ಇನ್ನೊಂದು ಇಲಾಖೆಯ ಕಂಪ್ಯೂಟರ್ ಚೆನ್ನಾಗಿಯೇ ಓಡುತ್ತಿತ್ತು. ಪ್ರಿಂಟರ್ ಸದ್ದು ಹೊರಗೂ ಕೇಳುತ್ತಿತ್ತು. ಸಾಲಿನಲ್ಲಿದ್ದ ಹಿರಿಯರೊಬ್ಬರು, ವೈರ್ ಪರೀಕ್ಷಿಸಲು ಬಂದಿದ್ದ ಹುಡುಗನನ್ನು ನಿಲ್ಲಿಸಿ ಕೇಳಿದರು: "ಏನಪ್ಪಾ, ಅದೇ ವೈರು, ಅದೇ ಪೆಟ್ಟಿಗೆ. ಅವ್ರಿಗೆ ಬರ್ತೈತೆ, ನಮ್ಗ್ಯಾಕೆ ಬರಲ್ಲ?"

ಹುಡುಗ ನಕ್ಕ. "ವೈರ್ ಒಂದೇ ಯಜಮಾನ್ರೇ, ಟೇಬಲ್ ಬೇರೆ ಬೇರೆ."

ಹಿರಿಯರು ಕೋಣೆಯೊಳಗಿನ ಮೇಜುಗಳನ್ನು ನೋಡಿದರು. "ಯಾವ ಟೇಬಲ್ಲು?" ಎಂದರು. ಹುಡುಗನಿಗೆ ಫೋನ್ ಬಂತು, ಹೊರಟುಹೋದ. ಅವರಿಗೆ ಸಿಗದ ಉತ್ತರವನ್ನು ಹುಡುಕುತ್ತಾ ಹೋದಾಗ ನಮಗೆ ಸುಮಾರು 130 ವರ್ಷಗಳ ಕತೆಯೊಂದು ಸಿಕ್ಕಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಬೇಲಿ ತಂತಿಯ ಮೇಲೆ ಮಾತು

ಒಂದೇ ತಂತಿಯನ್ನು ಹಲವರು ಹಂಚಿಕೊಳ್ಳುವ ಕೆಲಸ ರೈತರಿಗೆ ಹೊಸದಲ್ಲ. ಅಮೆರಿಕದಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್‌ ಅವರ ಮುಖ್ಯ ಟೆಲಿಫೋನ್ ಪೇಟೆಂಟ್‌ಗಳ ಅವಧಿ 1893 ಮತ್ತು 1894ರಲ್ಲಿ ಮುಗಿಯಿತು. ಆಮೇಲೆ ಯಾರು ಬೇಕಾದರೂ ಫೋನ್ ತಯಾರಿಸಬಹುದಾಯಿತು. ಆದರೆ ದೊಡ್ಡ ಕಂಪನಿಗಳು ದೂರದ ಹೊಲಮನೆಗಳಿಗೆ ಕಂಬ ನೆಡಲು ಮುಂದಾಗಲಿಲ್ಲ. ಹತ್ತು ಮೈಲಿ ತಂತಿ ಎಳೆದರೆ ಸಿಗುವುದು ನಾಲ್ಕು ಮನೆ. ಲಾಭ ಎಲ್ಲಿಂದ ಬರಬೇಕು?

ಹಾಗಾಗಿ ಪಶ್ಚಿಮದ ಬಯಲು ಸೀಮೆಯ ರೈತರು ತಮ್ಮ ಹೊಲದ ಮುಳ್ಳುತಂತಿ ಬೇಲಿಯನ್ನೇ ಫೋನ್ ಲೈನ್ ಮಾಡಿಕೊಂಡರು. ಬೇಲಿ ಗೂಟಕ್ಕೆ ತಂತಿ ತಾಗದಂತೆ ಗಾಜಿನ ಸೀಸೆ, ಚರ್ಮದ ತುಂಡು, ಜೋಳದ ದಿಂಡು ಸಿಕ್ಕಿಸುತ್ತಿದ್ದರು. ಮಳೆ ಬಂದರೆ ಮಾತು ಸತ್ತುಹೋಗುತ್ತಿತ್ತು.

ಆದರೆ ಆ ತಂತಿಗೆ ಗುಟ್ಟು ಎಂಬುದೇ ಇರಲಿಲ್ಲ. ಯಾರಿಗೆ ಫೋನ್ ಬಂದರೂ ಎಲ್ಲ ಮನೆಯಲ್ಲೂ ಗಂಟೆ ಬಾರಿಸುತ್ತಿತ್ತು. ಒಂದು ಮನೆಗೆ ಎರಡು ಉದ್ದ ಗಂಟೆ, ಇನ್ನೊಂದಕ್ಕೆ ಒಂದು ಉದ್ದ, ಒಂದು ಗಿಡ್ಡ, ಹೀಗೆ ಗುರುತು. ನಮ್ಮದಲ್ಲದ ಗಂಟೆ ಬಂದಾಗಲೂ ಫೋನ್ ಎತ್ತಿ ಕೇಳಿಸಿಕೊಳ್ಳಬಹುದಿತ್ತು. ಬಹಳ ಜನ ಹಾಗೆ ಮಾಡುತ್ತಲೂ ಇದ್ದರು.

ನಮ್ಮ ಕಡೆ ಎಸ್‌ಟಿಡಿ ಬೂತ್ ಕಂಡವರಿಗೆ ಇದು ಅರ್ಥವಾಗುತ್ತದೆ. ಊರಿಗೆಲ್ಲ ಒಂದೇ ಫೋನ್. ಮಗಳು ಹೆತ್ತಳು ಎಂಬ ಸುದ್ದಿ ತವರಿಗೆ ಮುಟ್ಟುವ ಮೊದಲು ಅಂಗಡಿಯಲ್ಲಿ ಬೀಡಿ ಕೊಳ್ಳಲು ನಿಂತವರಿಗೆಲ್ಲ ಗೊತ್ತಾಗುತ್ತಿತ್ತು.

ಹಂಚಿಕೊಂಡರೆ ಖರ್ಚು ಕಡಿಮೆ, ಆದರೆ ಗುಟ್ಟು ಉಳಿಯುವುದಿಲ್ಲ. ಬೇರೆ ಬೇರೆ ತಂತಿ ಹಾಕಿಸಿದರೆ ಗುಟ್ಟು ಉಳಿಯುತ್ತದೆ, ಆದರೆ ಖರ್ಚು ಎಟುಕುವುದಿಲ್ಲ. ಮುಂದಿನ ಎಲ್ಲ ಕತೆಯೂ ಈ ಎರಡು ಮಾತಿನ ನಡುವಿನ ಎಳೆದಾಟವೇ.

ನಂಬಿಕೆ ಹೋದ ವ್ಯಾಪಾರಿ

ಪಟ್ಟಣಗಳಲ್ಲಿ ಇನ್ನೊಂದು ವ್ಯವಸ್ಥೆ ಇತ್ತು. ಎಲ್ಲ ಮನೆಗಳ ತಂತಿಯೂ ಒಂದು ಎಕ್ಸ್‌ಚೇಂಜ್‌ಗೆ ಬರುತ್ತಿತ್ತು. ಅಲ್ಲಿ ಕುಳಿತ ಆಪರೇಟರ್ ಕೈಯಿಂದ ಒಂದು ತಂತಿಯನ್ನು ಇನ್ನೊಂದಕ್ಕೆ ಸಿಕ್ಕಿಸಿ ಮಾತು ಜೋಡಿಸುತ್ತಿದ್ದರು.

ಕ್ಯಾನ್ಸಾಸ್ ಸಿಟಿಯಲ್ಲಿ ಆಲ್ಮನ್ ಸ್ಟ್ರೋಜರ್ ಎಂಬುವರು ಶವಸಂಸ್ಕಾರದ ಏರ್ಪಾಟು ಮಾಡುವ ವ್ಯಾಪಾರ ನಡೆಸುತ್ತಿದ್ದರು. ತಮಗೆ ಬರಬೇಕಾದ ಕರೆಗಳನ್ನು ಆಪರೇಟರ್ ಎದುರಾಳಿ ವ್ಯಾಪಾರಿಗೆ ತಿರುಗಿಸುತ್ತಿದ್ದಾರೆ ಎಂಬ ಅನುಮಾನ ಅವರಿಗಿತ್ತು ಎಂಬ ಕತೆ ಚಾಲ್ತಿಯಲ್ಲಿದೆ. ಅನುಮಾನ ಎಷ್ಟು ನಿಜವೋ, ಅದರ ಫಲವಂತೂ ನಿಜ. ಮನುಷ್ಯರ ಕೈ ಬೇಕಿಲ್ಲದೆ ತಾನಾಗಿ ಕರೆ ಜೋಡಿಸುವ ಸ್ವಿಚ್‌ಗೆ 1891ರಲ್ಲಿ ಅವರು ಪೇಟೆಂಟ್ ಪಡೆದರು. 1892ರ ನವೆಂಬರ್‌ನಲ್ಲಿ ಇಂಡಿಯಾನಾ ರಾಜ್ಯದ ಲಾ ಪೋರ್ಟ್ ಎಂಬಲ್ಲಿ ಅಂಥ ಮೊದಲ ಎಕ್ಸ್‌ಚೇಂಜ್ ಶುರುವಾಯಿತು.

ಸ್ವಿಚ್ ಎಂದರೆ ದೀಪ ಹಚ್ಚುವ ಸ್ವಿಚ್ ಮಾತ್ರವಲ್ಲ, ದಾರಿ ಬದಲಿಸುವ ಯಂತ್ರ ಎಂಬ ಅರ್ಥವೂ ಇದೆ. ನಮ್ಮ ಕಾಲುವೆಗಳಲ್ಲಿ ಯಾವ ತೂಬು ಎತ್ತಬೇಕು, ನೀರು ಯಾರ ಗದ್ದೆಗೆ ಹೋಗಬೇಕು ಎಂದು ನೀರುಗಂಟಿ ನೋಡಿಕೊಳ್ಳುತ್ತಿದ್ದಂತೆ, ಮಾತು ಯಾವ ತಂತಿಗೆ ಹೋಗಬೇಕು ಎಂದು ಇದು ನೋಡಿಕೊಳ್ಳುತ್ತದೆ. ನೀರುಗಂಟಿಯ ಮೇಲೆ ನಂಬಿಕೆ ಹೋದರೆ ಊರಲ್ಲಿ ಜಗಳ. ಸ್ಟ್ರೋಜರ್ ಮಾಡಿದ್ದು, ಆ ನಂಬಿಕೆಯನ್ನು ಮನುಷ್ಯರಿಂದ ಯಂತ್ರಕ್ಕೆ ವರ್ಗಾಯಿಸಿದ ಕೆಲಸ.

ದಾರಿಪುಸ್ತಕ ಹುಟ್ಟಿದ್ದು

1969ರ ಅಕ್ಟೋಬರ್ 29ರಂದು ಅಮೆರಿಕದ ಅರ್ಪಾನೆಟ್ ಎಂಬ ಜಾಲದಲ್ಲಿ ಮೊದಲ ಸಂದೇಶ ಹೋಯಿತು. ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದ ಕಂಪ್ಯೂಟರ್‌ನಿಂದ ಸ್ಟ್ಯಾನ್‌ಫರ್ಡ್‌ನ ಸಂಶೋಧನಾ ಸಂಸ್ಥೆಯ ಕಂಪ್ಯೂಟರ್‌ಗೆ 'ಲಾಗಿನ್' ಎಂದು ಕಳಿಸಲು ಹೊರಟರು. ಎರಡು ಅಕ್ಷರ ಹೋಗುವಷ್ಟರಲ್ಲಿ ಆ ಕಡೆಯ ಕಂಪ್ಯೂಟರ್ ನಿಂತುಹೋಯಿತು. ಇಂದಿನ ಇಂಟರ್ನೆಟ್‌ಗೆ ದಾರಿ ಮಾಡಿದ್ದು ಇದೇ ಜಾಲ.

ಇಲ್ಲಿ ತಂತಿಯನ್ನು ಒಬ್ಬರ ಮಾತಿಗಾಗಿ ಹಿಡಿದಿಡುವುದಿಲ್ಲ. ಸಂದೇಶವನ್ನು ಸಣ್ಣ ಸಣ್ಣ ಕಟ್ಟು ಮಾಡುತ್ತಾರೆ. ಅದಕ್ಕೆ ಪ್ಯಾಕೆಟ್ ಎನ್ನುತ್ತಾರೆ. ಪ್ರತಿ ಪ್ಯಾಕೆಟ್‌ನ ಮೇಲೂ ವಿಳಾಸ ಇರುತ್ತದೆ. ಎಲ್ಲರ ಪ್ಯಾಕೆಟ್‌ಗಳೂ ಒಂದೇ ತಂತಿಯಲ್ಲಿ ಒಂದರ ಹಿಂದೆ ಒಂದು ಹೋಗುತ್ತವೆ. ಪ್ರತಿ ಕೂಡುದಾರಿಯಲ್ಲೂ ಒಂದು ಯಂತ್ರ ವಿಳಾಸ ಓದಿ ಮುಂದಿನ ದಾರಿ ತೋರಿಸುತ್ತದೆ.

ದಾರಿ ಹೇಗೆ ಗೊತ್ತಾಗುತ್ತದೆ? ಅದರ ಬಳಿ ಒಂದು ಪಟ್ಟಿ ಇರುತ್ತದೆ. 'ಈ ವಿಳಾಸದವು ಬಂದರೆ ಎಡಗಡೆಯ ತಂತಿ, ಆ ವಿಳಾಸದವು ಬಂದರೆ ಬಲಗಡೆಯ ತಂತಿ' ಎಂದು ಅದರಲ್ಲಿ ಬರೆದಿರುತ್ತದೆ. ಇದಕ್ಕೆ ರೂಟಿಂಗ್ ಟೇಬಲ್ ಎಂದು ಹೆಸರು. ನಾವು ಇಲ್ಲಿ ದಾರಿಪುಸ್ತಕ ಎನ್ನೋಣ. ಆ ಹಿರಿಯರು ಕೋಣೆಯಲ್ಲಿ ಹುಡುಕಿದ ಟೇಬಲ್ ಇದೇ.

ಮೊದಲು ಒಂದು ಯಂತ್ರಕ್ಕೆ ಒಂದೇ ದಾರಿಪುಸ್ತಕ ಇತ್ತು. ಎಲ್ಲರಿಗೂ ಅದೇ. 1983ರಲ್ಲಿ ಅಮೆರಿಕದ ಸೇನೆಗೆ ಇದು ಸರಿಬರಲಿಲ್ಲ. ವಿದ್ಯಾರ್ಥಿಗಳು, ಸಂಶೋಧಕರು ಓಡಾಡುವ ದಾರಿಯಲ್ಲೇ ಸೇನೆಯ ಕಾಗದಪತ್ರವೂ ಓಡಾಡುವುದು ಬೇಡವೆನಿಸಿತು. ಜಾಲವನ್ನೇ ಎರಡಾಗಿ ಸೀಳಿದರು. ಸೇನೆಯದು ಮಿಲ್‌ನೆಟ್ ಆಯಿತು, ಉಳಿದದ್ದು ಅರ್ಪಾನೆಟ್ ಆಗಿಯೇ ಉಳಿಯಿತು. ನಡುವೆ ಕೆಲವು ಕಾವಲು ಬಾಗಿಲು ಮಾತ್ರ ಬಿಟ್ಟರು.

ಅಣ್ಣತಮ್ಮಂದಿರು ಬೇರೆಯಾದಾಗ ಮನೆಯ ನಡುವೆ ಗೋಡೆ ಎಬ್ಬಿಸಿದ ಹಾಗೆ. ಸೇನೆಯ ಬಳಿ ಹಣವಿತ್ತು, ಗೋಡೆ ಕಟ್ಟಿಸಿತು. ಹಣವಿಲ್ಲದವರು ಏನು ಮಾಡಬೇಕು?

ಎರಡು ಊರು, ಒಂದೇ ಸರ್ವೆ ನಂಬರ್

1990ರ ದಶಕದಲ್ಲಿ ಬ್ಯಾಂಕು, ಕಾರ್ಖಾನೆ, ಇಲಾಖೆಗಳೆಲ್ಲ ಶಾಖೆಗಳನ್ನು ಜೋಡಿಸಿಕೊಳ್ಳಲು ಹೊರಟವು. ಸಾಮಾನ್ಯ ದಾರಿ ಎಂದರೆ ಟೆಲಿಫೋನ್ ಕಂಪನಿಯಿಂದ ಬಾಡಿಗೆಗೆ ತಂತಿ ಪಡೆಯುವುದು. ಇದರಲ್ಲೊಂದು ಲೆಕ್ಕದ ತೊಂದರೆ ಇದೆ. 10 ಶಾಖೆಗಳಲ್ಲಿ ಪ್ರತಿಯೊಂದನ್ನೂ ಉಳಿದೆಲ್ಲವುಗಳ ಜೊತೆ ನೇರವಾಗಿ ಜೋಡಿಸಲು 45 ಸಂಪರ್ಕ ಬೇಕು. 50 ಶಾಖೆಯಾದರೆ 1,225. 100 ಆದರೆ 4,950. ಶಾಖೆ ಹತ್ತು ಪಟ್ಟು ಹೆಚ್ಚಿದರೆ ಸಂಪರ್ಕ ನೂರು ಪಟ್ಟಿಗಿಂತ ಹೆಚ್ಚುತ್ತದೆ.

ಅದರ ಮೇಲೆ ವಿಳಾಸದ ಬರ ಬಂತು. ಇಂಟರ್ನೆಟ್‌ನ ಹಳೆಯ ವಿಳಾಸ ಪದ್ಧತಿಯಲ್ಲಿ ಒಟ್ಟು ಸುಮಾರು 429 ಕೋಟಿ ವಿಳಾಸ ಮಾತ್ರ. ಜಗತ್ತಿಗೆಲ್ಲ ಇದು ಸಾಲುವುದಿಲ್ಲ ಎಂಬುದು ಆಗಲೇ ಕಂಡಿತ್ತು. 1996ರ ಫೆಬ್ರುವರಿಯಲ್ಲಿ ಒಂದು ಒಪ್ಪಂದ ಪ್ರಕಟವಾಯಿತು. ಮೂರು ಗುಂಪಿನ ವಿಳಾಸಗಳನ್ನು ಯಾರು ಬೇಕಾದರೂ ತಮ್ಮ ಮನೆಯೊಳಗೆ ಬಳಸಬಹುದು, ಯಾರನ್ನೂ ಕೇಳಬೇಕಿಲ್ಲ, ಆದರೆ ಅವನ್ನು ಹೊರಗೆ ಬಿಡಬಾರದು. 10ರಿಂದ ಶುರುವಾಗುವ ಗುಂಪಿನಲ್ಲೇ ಸುಮಾರು 1 ಕೋಟಿ 67 ಲಕ್ಷ ವಿಳಾಸಗಳಿವೆ. ನಿಮ್ಮ ಮನೆಯ ವೈಫೈ ಪೆಟ್ಟಿಗೆಯ ಹಿಂದೆ 192.168 ಎಂದು ಶುರುವಾಗುವ ಸಂಖ್ಯೆ ಅಂಟಿಸಿದ್ದರೆ ಅದೂ ಈ ಒಪ್ಪಂದದ್ದೇ. ಅದೇ ಸಂಖ್ಯೆ ಪಕ್ಕದ ಮನೆಯಲ್ಲೂ ಇರಬಹುದು, ಪೆರು ದೇಶದ ಒಂದು ಮನೆಯಲ್ಲೂ ಇರಬಹುದು.

ಇದು ನಮಗೆ ಹೊಸತೇನಲ್ಲ. ಸರ್ವೆ ನಂಬರ್ 45 ನಮ್ಮೂರಲ್ಲೂ ಇದೆ, ಪಕ್ಕದ ಊರಲ್ಲೂ ಇದೆ. ಆಯಾ ಊರಿನೊಳಗೆ ಗೊಂದಲವಿಲ್ಲ. ಆದರೆ ತಾಲ್ಲೂಕು ಕಚೇರಿಗೆ ಹೋಗಿ "ನಲವತ್ತೈದರ ಪಹಣಿ ಕೊಡಿ" ಎಂದರೆ ಏನಾಗುತ್ತದೆ? "ಯಾವ ಊರು? ಯಾವ ಹೋಬಳಿ?" ಎನ್ನುತ್ತಾರೆ. ಹೊಸಹಳ್ಳಿ ಎಂಬ ಊರು ಕರ್ನಾಟಕದಲ್ಲಿ ಎಷ್ಟಿವೆಯೋ. ಬರೀ ಹೊಸಹಳ್ಳಿ ಎಂದು ಬರೆದ ಕಾಗದ ಎಲ್ಲಿಗೆ ಹೋಗಬೇಕು? ಇದಕ್ಕಾಗಿಯೇ ನಮ್ಮ ಅಂಚೆ ಇಲಾಖೆ 1972ರ ಆಗಸ್ಟ್ 15ರಂದು ಪಿನ್ ಕೋಡ್ ತಂದಿತು.

ಜಾಲ ನಡೆಸುವ ಕಂಪನಿಗಳಿಗೆ ಎದುರಾದದ್ದು ಇದೇ ಪ್ರಶ್ನೆ. ಒಂದು ಬ್ಯಾಂಕ್ ಮತ್ತು ಒಂದು ಸಕ್ಕರೆ ಕಾರ್ಖಾನೆ ಎರಡೂ ಒಂದೇ ಕಂಪನಿಯ ಗ್ರಾಹಕರು. ಎರಡರ ಒಳಗೂ 10.1.1.5 ಎಂಬ ವಿಳಾಸದ ಕಂಪ್ಯೂಟರ್ ಇದೆ. ಕಂಪನಿಯ ರೂಟರ್‌ಗೆ ಒಂದೇ ದಾರಿಪುಸ್ತಕ. ಆ ವಿಳಾಸಕ್ಕೆ ಪ್ಯಾಕೆಟ್ ಬಂದರೆ ಯಾರಿಗೆ ಕೊಡಬೇಕು? ತಪ್ಪಿದರೆ ಬ್ಯಾಂಕಿನ ಕಾಗದ ಕಾರ್ಖಾನೆಗೆ ಹೋಗುತ್ತದೆ.

ಶಾನುಭೋಗರ ಉಪಾಯ

ಎರಿಕ್ ರೋಸೆನ್ ಮತ್ತು ಯಾಕೊವ್ ರೆಕ್ಟರ್ ಎಂಬ ಇಬ್ಬರು ಎಂಜಿನಿಯರ್‌ಗಳು 1999ರ ಮಾರ್ಚ್‌ನಲ್ಲಿ ಇದಕ್ಕೊಂದು ಉಪಾಯ ಪ್ರಕಟಿಸಿದರು. ಇಬ್ಬರೂ ಆಗ ಸಿಸ್ಕೊ ಕಂಪನಿಯಲ್ಲಿದ್ದರು. ರೆಕ್ಟರ್ ಹೆಸರು ಅಷ್ಟರಲ್ಲಾಗಲೇ ಪ್ರಸಿದ್ಧ. 1989ರಲ್ಲಿ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಒಂದು ಸಭೆಯ ನಡುವೆ ಊಟಕ್ಕೆ ಕುಳಿತಾಗ ಅವರೂ ಕರ್ಕ್ ಲಾಹೀಡ್ ಎಂಬುವರೂ ಸೇರಿ ಕೈ ಒರೆಸುವ ಕಾಗದದ ಮೇಲೆ ಗೀಚಿದ ನಿಯಮಗಳೇ ಬಿಜಿಪಿ. ಇವತ್ತಿಗೂ ಜಗತ್ತಿನ ದೊಡ್ಡ ಜಾಲಗಳು ಒಂದಕ್ಕೊಂದು ದಾರಿ ಹೇಳಿಕೊಳ್ಳುವುದು ಆ ಬಿಜಿಪಿಯಲ್ಲೇ.

1999ರ ಉಪಾಯ ಅರ್ಥವಾಗಲು ಹಳೆಯ ಕಾಲದ ಶಾನುಭೋಗರನ್ನು ನೆನೆಯಬೇಕು. ಎರಡು ಊರಿನ ಲೆಕ್ಕ ಒಬ್ಬರೇ ನೋಡಿಕೊಳ್ಳುತ್ತಿದ್ದರೆ ಮನೆ ಒಂದೇ, ಮಣೆ ಒಂದೇ, ಬರೆಯುವ ಕೈಯೂ ಒಂದೇ. ಆದರೆ ಪುಸ್ತಕ ಎರಡು. ಈ ಊರಿನ ರೈತ ಬಂದರೆ ಈ ಪುಸ್ತಕ ತೆಗೆಯಬೇಕು, ಆ ಊರಿನವ ಬಂದರೆ ಆ ಪುಸ್ತಕ. ಸರ್ವೆ ನಂಬರ್ 45 ಎರಡರಲ್ಲೂ ಇದ್ದರೂ ಗೊಂದಲವಿಲ್ಲ.

ರೂಟರ್‌ನಲ್ಲೂ ಹಾಗೆಯೇ ಮಾಡಿದರು. ಪೆಟ್ಟಿಗೆ ಒಂದೇ, ಒಳಗೆ ಒಬ್ಬೊಬ್ಬ ಗ್ರಾಹಕನಿಗೆ ಒಂದೊಂದು ದಾರಿಪುಸ್ತಕ. ಇದಕ್ಕೆ ವಿಆರ್‌ಎಫ್ ಎಂದು ಹೆಸರಾಯಿತು. ಪ್ಯಾಕೆಟ್ ಯಾವ ಬಾಗಿಲಿಂದ ಒಳಗೆ ಬಂತು ಎಂಬುದನ್ನು ನೋಡಿ ಯಾವ ಪುಸ್ತಕ ತೆಗೆಯಬೇಕೆಂದು ತೀರ್ಮಾನವಾಗುತ್ತದೆ. ಬ್ಯಾಂಕಿನ ಬಾಗಿಲಿಂದ ಬಂದದ್ದಕ್ಕೆ ಕಾರ್ಖಾನೆಯ ದಾರಿ ಕಾಣುವುದೇ ಇಲ್ಲ.

ಆದರೆ ಒಂದೂರಿನ ಪೆಟ್ಟಿಗೆ ಇನ್ನೊಂದೂರಿನ ಪೆಟ್ಟಿಗೆಗೆ ಈ ಪುಸ್ತಕಗಳ ವಿವರ ಹೇಳುವುದು ಹೇಗೆ? ಎರಡು ಗುರುತುಗಳನ್ನು ಮಾಡಿದರು.

ಮೊದಲನೆಯದು, ವಿಳಾಸದ ಮುಂದೆ ಅಂಟಿಸುವ ಸಂಖ್ಯೆ. ವಿಳಾಸ 4 ಬೈಟ್, ಅದರ ಮುಂದೆ 8 ಬೈಟ್‌ನ ಗುರುತು, ಒಟ್ಟು 12. ಸರ್ವೆ ನಂಬರ್ ಹಿಂದೆ ಊರು, ಹೋಬಳಿ, ತಾಲ್ಲೂಕು ಸೇರಿಸಿದ ಹಾಗೆ. ಈಗ ಬ್ಯಾಂಕಿನ 10.1.1.5 ಬೇರೆ, ಕಾರ್ಖಾನೆಯ 10.1.1.5 ಬೇರೆ.

ಎರಡನೆಯದು, ಈ ದಾರಿಯನ್ನು ಯಾವ ಯಾವ ಪುಸ್ತಕದಲ್ಲಿ ಬರೆದುಕೊಳ್ಳಬಹುದು ಎಂಬ ಸೂಚನೆ. ಸರ್ಕಾರಿ ಪತ್ರದ ಕೊನೆಗೆ 'ಪ್ರತಿ: ತಹಶೀಲ್ದಾರರು, ಪ್ರತಿ: ಕಾರ್ಯನಿರ್ವಾಹಕ ಅಧಿಕಾರಿಗಳು' ಎಂದು ಬರೆಯುತ್ತಾರಲ್ಲ, ಅದೇ ಇದು. ಹೆಸರಿದ್ದವರಿಗೆ ಪ್ರತಿ, ಇಲ್ಲದವರಿಗೆ ಸುದ್ದಿಯೇ ಇಲ್ಲ.

ಊರಿಂದೂರಿಗೆ ಸಾಗಿಸಲು ಎಂಪಿಎಲ್‌ಎಸ್ ಎಂಬ ಪದ್ಧತಿ ಬಳಸಿದರು. ಅಂಚೆ ಚೀಲ ನೋಡಿದ್ದೀರಲ್ಲ? ಚೀಲದ ಮೇಲೆ ಒಂದು ಚೀಟಿ. ನಡುವಿನ ನಿಲ್ದಾಣಗಳಲ್ಲಿ ಚೀಲ ಬಿಚ್ಚುವುದಿಲ್ಲ, ಚೀಟಿ ನೋಡಿ ಮುಂದೆ ಹಾಕುತ್ತಾರೆ. ಇಲ್ಲಿ ಚೀಟಿ ಎರಡು. ಹೊರಗಿನದು ಯಾವ ಊರಿನ ಪೆಟ್ಟಿಗೆಗೆ ಎಂದು ಹೇಳುತ್ತದೆ. ಒಳಗಿನದು ಅಲ್ಲಿ ಯಾರ ಪಾಲಿಗೆ ಎಂದು ಹೇಳುತ್ತದೆ. ನಡುವಿನ ಯಂತ್ರಗಳಿಗೆ ಗ್ರಾಹಕರ ವಿಳಾಸ ಗೊತ್ತಿರಬೇಕಿಲ್ಲ.

ಈಗ ಹೊಸ ಶಾಖೆ ತೆರೆದರೆ 99 ಸಂಪರ್ಕ ಬೇಡ. ಹತ್ತಿರದ ಪೆಟ್ಟಿಗೆಗೆ ಒಂದು ತಂತಿ ಸಾಕು. ನಮ್ಮ ಬ್ಯಾಂಕುಗಳು ಶಾಖೆಗಳನ್ನೆಲ್ಲ ಒಂದೇ ಲೆಕ್ಕದಡಿ ತಂದು, ಯಾವ ಶಾಖೆಯಲ್ಲಾದರೂ ಹಣ ತೆಗೆಯುವಂತೆ ಮಾಡಿದಾಗ ಬಾಡಿಗೆ ತಂತಿ, ಉಪಗ್ರಹದ ಜೊತೆಗೆ ಈ ಬಗೆಯ ಜಾಲಗಳನ್ನೂ ಬಳಸಿದವು. ಹೋಬಳಿಯ ಶಾಖೆಯಲ್ಲಿ ಕುಳಿತು ಬೆಂಗಳೂರಿನ ಖಾತೆ ನೋಡುವಂತಾಗುವಲ್ಲಿ ಈ ಉಪಾಯದ ಪಾಲೂ ಇದೆ.

ಸಣ್ಣ ಪೆಟ್ಟಿಗೆಗೂ ಬಂತು

ದೊಡ್ಡ ಕಂಪನಿಗಳ ದುಬಾರಿ ರೂಟರ್‌ನಲ್ಲಿದ್ದ ಈ ವಿದ್ಯೆ ಕ್ರಮೇಣ ಕಚೇರಿಯ ಸಣ್ಣ ಸ್ವಿಚ್‌ಗೂ ಇಳಿಯಿತು. ಅದಕ್ಕೆ ಮೊದಲೇ ವಿಲ್ಯಾನ್ ಎಂಬುದು ಬಂದಿತ್ತು. ಬೆಲ್‌ಕೋರ್ ಸಂಸ್ಥೆಯ ಡೇವಿಡ್ ಸಿಂಕೋಸ್ಕಿ ಮತ್ತು ಜೊತೆಗಾರರ ಕೆಲಸದಿಂದ ಬೆಳೆದ ಈ ವಿಚಾರಕ್ಕೆ 1998ರಲ್ಲಿ ಎಲ್ಲ ತಯಾರಕರೂ ಪಾಲಿಸುವ ಒಂದು ಮಾನದಂಡ ಸಿಕ್ಕಿತು. ಒಂದೇ ಸ್ವಿಚ್‌ನ ಬಾಗಿಲುಗಳನ್ನು ಗುಂಪು ಮಾಡಿ, ಪ್ರತಿ ಪ್ಯಾಕೆಟ್‌ಗೂ ಗುಂಪಿನ ಸಂಖ್ಯೆಯ ಬಿಲ್ಲೆ ಅಂಟಿಸುವುದು. ಅಂಥ 4,094 ಗುಂಪು ಮಾಡಬಹುದು. ವಿಲ್ಯಾನ್ ಮನೆಯೊಳಗಿನ ಕೋಣೆಗಳನ್ನು ಬೇರೆ ಮಾಡುತ್ತದೆ, ವಿಆರ್‌ಎಫ್ ಮನೆಯಿಂದ ಹೊರಗೆ ಹೋಗುವ ದಾರಿಗಳನ್ನು ಬೇರೆ ಮಾಡುತ್ತದೆ. ಎರಡೂ ಸೇರಿದಾಗ ಎಂಪಿಎಲ್‌ಎಸ್ ಇಲ್ಲದ ಸಣ್ಣ ಸ್ವಿಚ್‌ ಕೂಡ ಹಲವು ದಾರಿಪುಸ್ತಕ ಇಟ್ಟುಕೊಳ್ಳಬಹುದು. ಇದಕ್ಕೆ ವಿಆರ್‌ಎಫ್ ಲೈಟ್ ಎನ್ನುತ್ತಾರೆ. 2015ರಲ್ಲಿ ಉಚಿತ ತಂತ್ರಾಂಶ ಲಿನಕ್ಸ್‌ಗೂ ಇದು ಸೇರಿತು.

ನಮ್ಮ ಜಿಲ್ಲೆಗಳಿಂದ ಹೋದ ಎಷ್ಟೋ ಹುಡುಗ ಹುಡುಗಿಯರು ಬೆಂಗಳೂರಿನಲ್ಲಿ ರಾತ್ರಿ ಪಾಳಿಯಲ್ಲಿ ಕುಳಿತು ಮಾಡುವುದು ಇದೇ ಕೆಲಸ. ಹೇಳಿದರೆ ಐದು ಹೆಜ್ಜೆ. ಮೊದಲು ಪುಸ್ತಕಕ್ಕೊಂದು ಹೆಸರಿಡಬೇಕು. ಆಮೇಲೆ ಯಾವ ಬಾಗಿಲು ಆ ಪುಸ್ತಕದ ಪಾಲು ಎಂದು ಹೇಳಬೇಕು. ಮೂರನೆಯದಾಗಿ ಬಾಗಿಲಿಗೆ ವಿಳಾಸ ಕೊಡಬೇಕು. ನಾಲ್ಕು, ಗೊತ್ತಿಲ್ಲದ ವಿಳಾಸ ಬಂದರೆ ಎತ್ತ ಕಳಿಸಬೇಕೆಂದು ಪ್ರತಿ ಪುಸ್ತಕದಲ್ಲೂ ಬೇರೆ ಬೇರೆಯಾಗಿ ಬರೆಯಬೇಕು. ಐದು, ಪುಸ್ತಕದ ಹೆಸರು ಹೇಳಿಯೇ ಪರೀಕ್ಷೆ ಮಾಡಬೇಕು.

ಈ ಕ್ರಮ ತಪ್ಪಬಾರದು. ಸಿಸ್ಕೊ ಸ್ವಿಚ್‌ಗಳಲ್ಲಿ, ವಿಳಾಸ ಇರುವ ಬಾಗಿಲನ್ನು ಹೊಸ ಪುಸ್ತಕಕ್ಕೆ ಸೇರಿಸಿದ ಕೂಡಲೇ ಹಳೆಯ ವಿಳಾಸ ಅಳಿಸಿಹೋಗುತ್ತದೆ. ದೂರದ ಊರಿನಿಂದ, ಅದೇ ಬಾಗಿಲಿನ ಮೂಲಕ ಒಳಗೆ ಬಂದು ಆ ಕೆಲಸ ಮಾಡಿದರೆ, ತಾನು ಕುಳಿತ ಕೊಂಬೆಯನ್ನೇ ಕಡಿದಂತೆ. ಸಂಪರ್ಕ ಕಡಿದುಹೋಗುತ್ತದೆ. ಯಾರಾದರೂ ಬೈಕ್ ಹತ್ತಿ ಆ ಊರಿಗೆ ಹೋಗಬೇಕು. ಪುಸ್ತಕದ ಹೆಸರು ಹೇಳದೆ ಪರೀಕ್ಷಿಸಿದರೆ ಯಂತ್ರ ಸಾರ್ವಜನಿಕ ಪುಸ್ತಕ ತೆರೆದು 'ದಾರಿ ಇಲ್ಲ' ಎನ್ನುತ್ತದೆ. ದಾರಿ ಇರುತ್ತದೆ, ನೋಡಿದ ಪುಸ್ತಕ ತಪ್ಪು.

ಆ ಹಿರಿಯರ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿ ಸಿಗುತ್ತದೆ. ಪೆಟ್ಟಿಗೆ ಒಂದೇ ಇದ್ದರೂ ಒಂದು ಇಲಾಖೆಯ ದಾರಿಪುಸ್ತಕದಲ್ಲಿ ಒಂದು ಸಾಲು ತಪ್ಪಿದರೆ ಅವರ ಕಂಪ್ಯೂಟರ್ ಮಾತ್ರ ನಿಲ್ಲುತ್ತದೆ, ಪಕ್ಕದವರದು ಓಡುತ್ತಲೇ ಇರುತ್ತದೆ.

ಒಳಗಿನ ಪುಸ್ತಕ ಹೊರಗೆ ಹೋದರೆ

ದಾರಿಪುಸ್ತಕ ಬೇರೆ ಇಡುವುದು ಎಷ್ಟು ಮುಖ್ಯ ಎಂಬುದಕ್ಕೆ 2008ರ ಫೆಬ್ರುವರಿ 24 ನೆನಪಿಡಬೇಕಾದ ದಿನ. ಪಾಕಿಸ್ತಾನ ಸರ್ಕಾರ ತನ್ನ ದೇಶದಲ್ಲಿ ಯೂಟ್ಯೂಬ್ ನಿಲ್ಲಿಸಲು ಹೇಳಿತು. ಪಾಕಿಸ್ತಾನ ಟೆಲಿಕಾಂ ಕಂಪನಿ 'ಯೂಟ್ಯೂಬ್‌ಗೆ ದಾರಿ ನಮ್ಮ ಕಡೆ' ಎಂದು ಒಂದು ಸುಳ್ಳು ಸಾಲು ಬರೆಯಿತು. ಅಲ್ಲಿಗೆ ಬಂದ ಪ್ಯಾಕೆಟ್‌ಗಳನ್ನು ಗುಂಡಿಗೆ ಹಾಕುವುದು ಉದ್ದೇಶ. ಈ ಸಾಲು ದೇಶದ ಒಳಗೇ ಇರಬೇಕಿತ್ತು. ಆದರೆ ಹೊರಗಿನ ಕಂಪನಿಗೂ ಹೋಯಿತು, ಆ ಕಂಪನಿ ನಂಬಿ ಜಗತ್ತಿಗೆಲ್ಲ ಹೇಳಿತು. ಸುಮಾರು ಎರಡು ಗಂಟೆ ಜಗತ್ತಿನ ಬಹುಭಾಗಕ್ಕೆ ಯೂಟ್ಯೂಬ್ ಸಿಗಲಿಲ್ಲ. ಪತ್ರದ ಕೊನೆಯ 'ಪ್ರತಿ' ಪಟ್ಟಿಯಲ್ಲಿ ಇರಬಾರದವರ ಹೆಸರು ಸೇರಿದ ಹಾಗೆ.

ಹಂಚಿಕೊಂಡ ಸ್ವಿಚ್‌ನಲ್ಲೂ ಎರಡು ಪುಸ್ತಕಗಳ ನಡುವೆ ಬೇಕೆಂದೇ ಕಿಂಡಿ ತೆಗೆಯಬೇಕಾಗುತ್ತದೆ. ಎರಡೂ ಇಲಾಖೆಗೆ ಒಂದೇ ಪ್ರಿಂಟರ್ ಅಥವಾ ಸರ್ವರ್ ಬೇಕಿದ್ದರೆ ಆ ಒಂದು ದಾರಿಯನ್ನು ಎರಡೂ ಪುಸ್ತಕದಲ್ಲಿ ಬರೆಯುತ್ತಾರೆ. ಬದುವಿನಲ್ಲಿ ಕಾಲುದಾರಿ ಬಿಟ್ಟ ಹಾಗೆ. ಕಾಲುದಾರಿಯಲ್ಲಿ ಟ್ರ್ಯಾಕ್ಟರ್ ಬಂದರೆ ಬದು ಹೋಯಿತು.

ಇನ್ನೊಂದು ಮಾತು. ಬೇರೆ ಪುಸ್ತಕ ಎಂದರೆ ಬೀಗ ಅಲ್ಲ. ವಿಆರ್‌ಎಫ್ ದಾರಿ ಬೇರೆ ಮಾಡುತ್ತದೆ, ಕಾಗದವನ್ನು ಗುಪ್ತ ಲಿಪಿಗೆ ಬದಲಿಸುವುದಿಲ್ಲ. ಪೆಟ್ಟಿಗೆಯ ಕೀಲಿ ಇರುವವರಿಗೆ ಎಲ್ಲ ಪುಸ್ತಕವೂ ಕಾಣುತ್ತದೆ. ಸ್ಟ್ರೋಜರ್ ಆಪರೇಟರ್ ಮೇಲಿನ ನಂಬಿಕೆಯನ್ನು ಯಂತ್ರಕ್ಕೆ ಕೊಟ್ಟರು. ಯಂತ್ರ ನೋಡಿಕೊಳ್ಳುವವರ ಮೇಲಿನ ನಂಬಿಕೆ ಇನ್ನೂ ಬೇಕೇ ಬೇಕು.

ಪೆಟ್ಟಿಗೆಯೇ ನಿಂತರೆ

2021ರ ಅಕ್ಟೋಬರ್ 4ರ ರಾತ್ರಿ ನಿಮಗೆ ನೆನಪಿರಬಹುದು. ಒಂಬತ್ತು ದಾಟಿದ ಮೇಲೆ ವಾಟ್ಸ್ಆ್ಯಪ್ ಸತ್ತುಹೋಯಿತು. ನಾವೆಲ್ಲ ಡೇಟಾ ಮುಗಿಯಿತೇನೋ ಎಂದು ಫೋನ್ ಆಫ್ ಮಾಡಿ ಆನ್ ಮಾಡಿದೆವು. ಆಗಿದ್ದು ಇಷ್ಟು: ಫೇಸ್‌ಬುಕ್ ಕಂಪನಿಯಲ್ಲಿ ಮಾಮೂಲಿ ರಿಪೇರಿಯ ನಡುವೆ ಕೊಟ್ಟ ಒಂದು ಆಜ್ಞೆ ಅವರ ಒಳಜಾಲವನ್ನೇ ಕಡಿದುಹಾಕಿತು. ಜಗತ್ತಿನ ದಾರಿಪುಸ್ತಕಗಳಿಂದ ಆ ಕಂಪನಿಯ ಹೆಸರು ಪತ್ತೆ ಮಾಡುವ ಸರ್ವರ್‌ಗಳ ದಾರಿ ಅಳಿಸಿಹೋಯಿತು. ಸರಿಪಡಿಸಲು ಹೋಗುವ ದಾರಿಯೂ ಅದೇ ಜಾಲವನ್ನು ನಂಬಿತ್ತು. ಎಂಜಿನಿಯರ್‌ಗಳು ಖುದ್ದಾಗಿ ಯಂತ್ರಗಳಿರುವ ಕಟ್ಟಡಕ್ಕೆ ಹೋಗಬೇಕಾಯಿತು. ಸುಮಾರು ಆರು ಗಂಟೆ ಹಿಡಿಯಿತು.

ಇದಕ್ಕಿಂತ ದೊಡ್ಡ ಪಾಠ 2022ರ ಜುಲೈ 8ರಂದು ಕೆನಡಾದಲ್ಲಿ ಸಿಕ್ಕಿತು. ಅಲ್ಲಿನ ರೋಜರ್ಸ್ ಎಂಬ ದೊಡ್ಡ ಕಂಪನಿ ತನ್ನ ಜಾಲವನ್ನು ಮೇಲ್ದರ್ಜೆಗೆ ಏರಿಸುತ್ತಿತ್ತು. ಅನಗತ್ಯ ದಾರಿಗಳನ್ನು ತಡೆಯುವ ಒಂದು ಜರಡಿಯನ್ನು ತೆಗೆದುಬಿಟ್ಟರು. ದಾರಿಗಳ ಪ್ರವಾಹವೇ ನಡುವಿನ ದೊಡ್ಡ ರೂಟರ್‌ಗಳಿಗೆ ನುಗ್ಗಿತು. ಅವು ತಾಳಲಾರದೆ ಬಿದ್ದವು. ಮೊಬೈಲ್ ಜಾಲವೂ ಮನೆಯ ಇಂಟರ್ನೆಟ್ ಜಾಲವೂ ಆ ಒಂದೇ ನಡುಜಾಲವನ್ನು ಹಂಚಿಕೊಂಡಿದ್ದವು. ಎರಡೂ ಒಟ್ಟಿಗೆ ಹೋದವು.

1 ಕೋಟಿ 20 ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ಸಂಪರ್ಕ ಇಲ್ಲ. ಅಂಗಡಿಗಳಲ್ಲಿ ಡೆಬಿಟ್ ಕಾರ್ಡ್ ನಡೆಯಲಿಲ್ಲ. ಅಪಾಯದಲ್ಲಿದ್ದವರು ಒತ್ತುವ 911 ಸಂಖ್ಯೆಗೂ ಹಲವರ ಕರೆ ಹೋಗಲಿಲ್ಲ. ಸರಿಪಡಿಸಬೇಕಾದ ಎಂಜಿನಿಯರ್‌ಗಳಿಗೇ ಯಂತ್ರ ತಲುಪುವ ದಾರಿ ಇರಲಿಲ್ಲ, ಏಕೆಂದರೆ ಆ ದಾರಿಯೂ ಅದೇ ನಡುಜಾಲದ ಮೇಲಿತ್ತು. ಆಮೇಲೆ ಕಂಪನಿ, ಮೊಬೈಲ್ ಮತ್ತು ತಂತಿ ಜಾಲಗಳ ನಡುಭಾಗವನ್ನು ನಿಜವಾಗಿಯೇ ಬೇರೆ ಮಾಡುತ್ತೇವೆ ಎಂದು ಘೋಷಿಸಿತು. 1983ರ ಗೋಡೆಗೇ ಮರಳಿದ ಹಾಗಾಯಿತು.

ಶಾನುಭೋಗರ ಮನೆಗೆ ಬೆಂಕಿ ಬಿದ್ದರೆ ಎರಡೂ ಊರಿನ ಪುಸ್ತಕ ಸುಡುತ್ತದೆ. ಪುಸ್ತಕ ಬೇರೆ ಇಟ್ಟಿದ್ದರಿಂದ ಲೆಕ್ಕ ಬೆರೆಯಲಿಲ್ಲ, ನಿಜ. ಆದರೆ ಮನೆ ಒಂದೇ ಆಗಿತ್ತು.

ನಮ್ಮೂರಿನ ಪೆಟ್ಟಿಗೆ

ಕೇಂದ್ರ ಸರ್ಕಾರ 2011ರಲ್ಲಿ ಒಪ್ಪಿಗೆ ಕೊಟ್ಟ, ಆಮೇಲೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆಯಿಂದ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಬಂತು. ಬೆಂಗಳೂರನ್ನು ಜಿಲ್ಲೆ, ತಾಲ್ಲೂಕು ಕೇಂದ್ರಗಳಿಗೆ ಜೋಡಿಸುವ ರಾಜ್ಯ ಸರ್ಕಾರದ ಕೆಸ್ವಾನ್ ಜಾಲವನ್ನು ಹಲವು ಇಲಾಖೆಗಳು ಹಂಚಿಕೊಂಡಿವೆ. ಹಂಚಿಕೊಳ್ಳದಿದ್ದರೆ ಇಷ್ಟು ದೂರಕ್ಕೆ ತಂತಿ ಬರುತ್ತಲೇ ಇರಲಿಲ್ಲ. ಪ್ರತಿ ಇಲಾಖೆಯೂ ತನ್ನದೇ ಅಗೆತ ಅಗೆದು ತನ್ನದೇ ಫೈಬರ್ ಹೂಳಬೇಕೆಂದರೆ ಹೋಬಳಿಯ ಆಚೆಗೆ ಯಾರೂ ಬರುತ್ತಿರಲಿಲ್ಲ. ಬೇಲಿ ತಂತಿಗೆ ಫೋನ್ ಕಟ್ಟಿದ ರೈತರಿಗೆ ಇದು ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಹಂಚಿಕೊಳ್ಳುವುದು ತಪ್ಪು ಎಂದು ನಾವು ಹೇಳುತ್ತಿಲ್ಲ.

ಆದರೆ ರೇಷನ್, ಪಿಂಚಣಿ, ಪಹಣಿ, ಬ್ಯಾಂಕ್ ಎಲ್ಲಕ್ಕೂ ಈಗ ಸಂಪರ್ಕ ಬೇಕು, ಕೆಲವಕ್ಕೆ ಬೆರಳಚ್ಚೂ ಬೇಕು. ರಸ್ತೆ ಅಗಲ ಮಾಡುವ ಜೆಸಿಬಿ ಒಂದು ಫೈಬರ್ ಕಿತ್ತರೆ, ಅದರ ಮೇಲಿದ್ದ ಎಷ್ಟು ದಾರಿಪುಸ್ತಕಗಳಿದ್ದರೂ ಎಲ್ಲವೂ ಒಟ್ಟಿಗೆ ಮುಚ್ಚಿಹೋಗುತ್ತವೆ. ಆ ದಿನ ಕೂಲಿ ಬಿಟ್ಟು ಬಂದವರ ಕೂಲಿ ಹೋಗುತ್ತದೆ.

ಆದ್ದರಿಂದ 'ಸರ್ವರ್ ಇಲ್ಲ' ಎಂದಾಗ ನಾವು ಕೇಳಬಹುದಾದ ಪ್ರಶ್ನೆ ಎರಡು. ಒಂದು, ನಿಂತಿರುವುದು ನಿಮ್ಮ ಒಂದು ಇಲಾಖೆಯದೋ, ಇಡೀ ಪೆಟ್ಟಿಗೆಯೋ? ಒಂದೇ ಇಲಾಖೆಯದಾದರೆ ತಪ್ಪು ದಾರಿಪುಸ್ತಕದಲ್ಲಿರಬಹುದು, ಇಲಾಖೆಯ ಸರ್ವರ್‌ನಲ್ಲೂ ಇರಬಹುದು. ಎಲ್ಲಿದೆ ಎಂದು ದೂರದಿಂದಲೇ ನೋಡಬಹುದು, ಮಧ್ಯಾಹ್ನದವರೆಗೆ ಸಾಲು ನಿಲ್ಲಿಸಬೇಕಿಲ್ಲ. ಎರಡು, ಇಡೀ ಪೆಟ್ಟಿಗೆಯೇ ನಿಂತರೆ ಎರಡನೇ ದಾರಿ ಯಾವುದು? ಇನ್ನೊಂದು ಕಡೆಯಿಂದ ಬರುವ ಫೈಬರ್ ಇದೆಯೇ? ಮೊಬೈಲ್ ಸಂಪರ್ಕ ಇದೆಯೇ? ಅದೂ ಇಲ್ಲದಿದ್ದರೆ ಕಾಗದದ ಮೇಲೆ ಬರೆದುಕೊಂಡು ಜನರನ್ನು ಕಳಿಸಿಕೊಡುವ ವ್ಯವಸ್ಥೆ ಇದೆಯೇ?

ನಾವು ಮಧ್ಯಾಹ್ನ ಮತ್ತೆ ಆ ಕಟ್ಟಡಕ್ಕೆ ಹೋದೆವು. ಸರ್ವರ್ ಬಂದಿತ್ತು. ಹಿರಿಯರಿಗೆ ಪಹಣಿ ಸಿಕ್ಕಿತ್ತು, ಮಡಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಎರಡು ಪುಸ್ತಕದ ಶಾನುಭೋಗರ ಕತೆಯನ್ನು ಅವರಿಗೆ ಹೇಳಬೇಕೆಂದು ನಮಗೆ ಆಗ ಗೊತ್ತಿರಲಿಲ್ಲ. ಅವರಿಗೆ ಬಸ್ಸಿನ ಹೊತ್ತಾಗಿತ್ತು.